ಬೆರಳೆತ್ತುವುದೂ ವ್ಯಾಯಾಮವೇ

ಹೋದ ವರ್ಷ ದೀಪಾವಳಿ ಮುಗಿದ ವಾರದಲ್ಲಿ ನಮ್ಮ ಅಜ್ಜನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು. ಆಸ್ಪತ್ರೆಯಿಂದ ಇಬ್ರಾಹಿಂಪುರದ ಮನೆಗೆ ಕರೆತರುವಾಗ ಫಿಸಿಯೋಥೆರಪಿಸ್ಟ್ ಒಂದು ಹಾಳೆ ಬರೆದುಕೊಟ್ಟರು. ಬೆರಳು ಮಡಚುವುದು, ಬಿಡಿಸುವುದು, ಮೊಣಕೈ ಎತ್ತುವುದು, ಮಂಚದ ಅಂಚಿಗೆ ಕೂತು ಏಳುವುದು. ಒಂದೊಂದೂ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಮಾಡಿಸುವ ಹೊಣೆ ನನ್ನದು.

ಹದಿನೈದು ದಿನ ಕಳೆಯುವಷ್ಟರಲ್ಲಿ ಅಜ್ಜನಿಗೂ ಬೇಸರ, ನನಗೂ ಬೇಸರ. ಜೀವನವಿಡೀ ಜೋಳದ ಹೊಲದಲ್ಲಿ ದುಡಿದ ಮನುಷ್ಯನಿಗೆ ಬೆರಳೆತ್ತುವುದು ಹುಡುಗಾಟವೆನಿಸಿತು. ನನಗೆ ಇಂಟರ್ನಲ್ಸ್ ಪರೀಕ್ಷೆಯ ನೆಪ ಸಿಕ್ಕಿತು. ಹಾಳೆ ಕ್ಯಾಲೆಂಡರಿನ ಹಿಂದೆ ಸೇರಿತು.

ಆ ದಿನಗಳಲ್ಲೇ ತಿರುಮಲೈ ಕೃಷ್ಣಮಾಚಾರ್ಯರ ಬಗ್ಗೆ ಓದಿದೆ. ಆಧುನಿಕ ಯೋಗದ ಪಿತಾಮಹ ಎಂದು ಜಗತ್ತು ಕರೆಯುವ ಈ ವ್ಯಕ್ತಿ ನಮ್ಮ ನಾಡಿನವರೇ. 1888ರಲ್ಲಿ ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ ಹುಟ್ಟಿದರು. ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡು ಮೈಸೂರಿಗೆ ಬಂದರು. ಅಲ್ಲಿಯೂ ಕಾಶಿಯಲ್ಲಿಯೂ ಸಂಸ್ಕೃತ ಮತ್ತು ಶಾಸ್ತ್ರಗಳನ್ನು ಓದಿದರು. ಹಿಮಾಲಯದಾಚೆ ರಾಮಮೋಹನ ಬ್ರಹ್ಮಚಾರಿ ಎಂಬ ಗುರುವಿನ ಬಳಿ ಏಳು ವರ್ಷ ಯೋಗ ಕಲಿತುದಾಗಿ ಅವರೇ ಹೇಳಿಕೊಂಡಿದ್ದಾರೆ.

ಇಷ್ಟು ಓದಿದವರಿಗೆ ಊರಲ್ಲಿ ಮಾತ್ರ ಅನ್ನವಿರಲಿಲ್ಲ. ಯೋಗ ಕಲಿಯಲು ಆಗ ಯಾರೂ ಬರುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಕಾಫಿ ತೋಟದಲ್ಲಿ ನೌಕರಿ ಮಾಡಿದರು. ಹೆಂಡತಿಯ ಸೀರೆಯಿಂದ ಹರಿದ ತುಂಡನ್ನೇ ಉಡುವಷ್ಟು ಬಡತನ. ರಜಾ ದಿನಗಳಲ್ಲಿ ಊರೂರು ತಿರುಗಿ ಉಪನ್ಯಾಸ ಕೊಟ್ಟರು. ಜನರನ್ನು ಸೆಳೆಯಲು ನಾಡಿ ಬಡಿತ ನಿಲ್ಲಿಸಿ ತೋರಿಸುವುದು, ಬರಿಗೈಯಲ್ಲಿ ಕಾರು ತಡೆಯುವುದು, ಹಲ್ಲಿನಿಂದ ಭಾರ ಎತ್ತುವುದು, ಇಂಥ ಸಾಹಸಗಳನ್ನು ಮಾಡುತ್ತಿದ್ದರು.

ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕಣ್ಣಿಗೆ ಬಿದ್ದ ಮೇಲೆ ದಿನಗಳು ಬದಲಾದವು. 1933ರಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯ ಒಂದು ಭಾಗದಲ್ಲಿ ಅವರ ಯೋಗಶಾಲೆ ಶುರುವಾಯಿತು. ಮರುವರ್ಷ ಅವರು ಬರೆದ ಯೋಗ ಮಕರಂದ ಪ್ರಕಟವಾಯಿತು. ಜಗತ್ತು ಇವತ್ತು ಚರ್ಚಿಸುವ ಆ ಪುಸ್ತಕ ಮೊದಲು ಬಂದದ್ದು ಕನ್ನಡದಲ್ಲಿ ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಮೈಸೂರಿನ ಆ ಗುರು ಬಹಳ ಕಠಿಣ. ಹುಡುಗರು ಅವರ ಹೆಜ್ಜೆ ಸಪ್ಪಳಕ್ಕೇ ಬೆದರುತ್ತಿದ್ದರಂತೆ. ಹೆಂಡತಿಯ ತಮ್ಮನೊಬ್ಬ ಅವರ ಮನೆಗೆ ಬಂದು ಸೇರಿದ. ಮಲೇರಿಯಾ, ಟೈಫಾಯ್ಡ್, ಕ್ಷಯಗಳಿಂದ ಸೊರಗಿ ಕಡ್ಡಿಯಾಗಿದ್ದ ಹುಡುಗ. ಗಣ್ಯರೆದುರು ಪ್ರದರ್ಶನದಲ್ಲಿ ಭಾವ ಹೇಳಿದರೆಂದು ಅಭ್ಯಾಸವಿಲ್ಲದ ಹನುಮಾನಾಸನಕ್ಕೆ ಕಾಲು ಚಾಚಿ, ತೊಡೆಯ ಹಿಂಬದಿಯ ಸ್ನಾಯು ಹರಿದುಕೊಂಡ. ಅವನೇ ಮುಂದೆ ಬಿ.ಕೆ.ಎಸ್. ಅಯ್ಯಂಗಾರ್ ಆದ. ಇಟ್ಟಿಗೆ, ಹಗ್ಗ, ಬೆಲ್ಟುಗಳ ಆಸರೆ ಕೊಟ್ಟು ನೋವಿರುವ ದೇಹವೂ ಆಸನ ಮಾಡುವಂತೆ ಮಾಡಿದ. ಗುರುವಿನ ಕಠಿಣತೆಯಿಂದ ಪೆಟ್ಟು ತಿಂದ ಶಿಷ್ಯನೇ ಆಸರೆಯ ಬೆಲೆ ಕಂಡುಕೊಂಡ ಎಂದು ನನಗೆ ಅನ್ನಿಸುತ್ತದೆ.

ಸ್ವಾತಂತ್ರ್ಯ ಬಂದ ಮೇಲೆ ಅರಮನೆಯ ಆಶ್ರಯ ಹೋಯಿತು. 1950ರಲ್ಲಿ ಯೋಗಶಾಲೆ ಮುಚ್ಚಿತು. ಅರವತ್ತು ದಾಟಿದ ಮನುಷ್ಯ ಮತ್ತೆ ಸೊನ್ನೆಯಿಂದ ಶುರು ಮಾಡಬೇಕಾಯಿತು. ನನ್ನ ಮಟ್ಟಿಗೆ ಅವರ ನಿಜವಾದ ಕಥೆ ಶುರುವಾಗುವುದೇ ಇಲ್ಲಿಂದ.

1952ರಲ್ಲಿ ಮದ್ರಾಸಿನಿಂದ ಕರೆ ಬಂತು. ಕರೆದವರು ಹೆಸರಾಂತ ನ್ಯಾಯವಾದಿ, ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದವರು. ಕಾರು ತಡೆದು ನಿಲ್ಲಿಸಿದ್ದ ಕೈಗಳು ಈಗ ಏಳಲಾರದ ಕೈಯನ್ನು ಎತ್ತಿಸುವ ಕೆಲಸಕ್ಕೆ ಇಳಿದವು. ಕ್ರಮೇಣ ಇಂಥ ರೋಗಿಗಳೇ ಹೆಚ್ಚಾಗಿ ಬರತೊಡಗಿದರು. ಅವರಿಗೆ ಮೈಸೂರಿನ ಹುಡುಗರ ಪಾಠ ನಡೆಯುವುದಿಲ್ಲ. ಆದ್ದರಿಂದ ಪಾಠವನ್ನೇ ಬದಲಿಸಿದರು. ಬಂದವರ ನಾಡಿ ಹಿಡಿದು, ಉಸಿರಾಟ ಕೇಳಿ, ಮೈಬಣ್ಣ ನೋಡಿ, ಊಟ ನಿದ್ದೆ ವಿಚಾರಿಸಿ ಆಮೇಲೆ ವ್ಯಾಯಾಮ ಗೊತ್ತು ಮಾಡುತ್ತಿದ್ದರು. ಒಬ್ಬರಿಗೆ ಕೊಟ್ಟದ್ದು ಇನ್ನೊಬ್ಬರಿಗಿಲ್ಲ. ಮೊದಲು ಮಲಗಿ ಮಾಡುವಂಥದ್ದು, ಬಲ ಬಂದಂತೆ ಕೂತು ಮಾಡುವಂಥದ್ದು, ಕೊನೆಗೆ ನಿಂತು ಮಾಡುವಂಥದ್ದು. ನಮ್ಮ ಅಜ್ಜನ ಹಾಳೆಯಲ್ಲೂ ಇದೇ ಕ್ರಮವಿತ್ತು.

ಗೆಳೆಯರೇ, ಇದರ ಹಿಂದಿನ ಲೆಕ್ಕ ಎಂಜಿನಿಯರಿಂಗ್ ಓದುವ ನಮಗೆ ಸುಲಭವಾಗಿ ಅರ್ಥವಾಗಬೇಕು. ಕಬ್ಬಿಣದ ತೊಲೆ ಭಾರ ಹೊತ್ತು ಹೊತ್ತು ದಣಿಯುತ್ತದೆ. ದೇಹ ಹಾಗಲ್ಲ. ತಾಳುವಷ್ಟು ಭಾರ ಬಿದ್ದರೆ ಮೂಳೆ, ಸ್ನಾಯುಗಳು ಗಟ್ಟಿಯಾಗುತ್ತವೆ, ಕೆಲಸವಿಲ್ಲದಿದ್ದರೆ ಸವೆಯುತ್ತವೆ. ಲಕ್ವದಲ್ಲಿ ಸತ್ತ ಮೆದುಳಿನ ಕೋಶ ಮರಳಿ ಬರುವುದಿಲ್ಲ. ಆದರೆ ಒಂದೇ ಚಲನೆಯನ್ನು ನೂರಾರು ಸಲ ಮಾಡಿದಾಗ ಉಳಿದ ಭಾಗಗಳು ಆ ಕೆಲಸವನ್ನು ಕಲಿಯಬಲ್ಲವು. ಹತ್ತು ಸಲ, ಮೂರು ಹೊತ್ತು ಎಂದು ಬರೆದದ್ದು ಸುಮ್ಮನೆ ಅಲ್ಲ.

ಕೃಷ್ಣಮಾಚಾರ್ಯರ ಮಗ ದೇಶಿಕಾಚಾರ್ ಕೂಡ ಎಂಜಿನಿಯರಿಂಗ್ ಓದಿದವರು. ಅಪ್ಪನ ವಿದ್ಯೆಯಲ್ಲಿ ಆಸಕ್ತಿ ಇರಲಿಲ್ಲ. 1960ರ ದಶಕದ ಆರಂಭದಲ್ಲಿ ಒಂದು ದಿನ ಮನೆ ಮುಂದೆ ಕಾರಿನಿಂದಿಳಿದ ವಿದೇಶಿ ಮಹಿಳೆಯೊಬ್ಬರು ಅಪ್ಪನನ್ನು ಸಂತೋಷದಿಂದ ತಬ್ಬಿಕೊಂಡರು. ವಿಚಾರಿಸಿದಾಗ, ಎಷ್ಟೋ ವರ್ಷಗಳ ನಂತರ ಮೊದಲ ಸಲ ಮಾತ್ರೆಯಿಲ್ಲದೆ ನಿದ್ದೆ ಬಂದಿತ್ತೆಂದು ತಿಳಿಯಿತು. ಮಗ ಕೆಲಸಕ್ಕೆ ಸೇರುವುದನ್ನು ಬಿಟ್ಟು ಅಪ್ಪನ ಶಿಷ್ಯನಾದರು. 1976ರಲ್ಲಿ ಅಪ್ಪನ ಹೆಸರಿನಲ್ಲಿ ಚೆನ್ನೈಯಲ್ಲಿ ಕೃಷ್ಣಮಾಚಾರ್ಯ ಯೋಗ ಮಂದಿರ ಕಟ್ಟಿದರು.

ಕೊನೆಗೆ ಗುರುವೇ ರೋಗಿಯಾಗುವ ಸರದಿ ಬಂತು. 96ನೇ ವಯಸ್ಸಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆ ಬೇಡವೆಂದರು. ಹಾಸಿಗೆಯಲ್ಲೇ ಮಾಡಬಲ್ಲ ಅಭ್ಯಾಸಗಳನ್ನು ತಮಗೆ ತಾವೇ ಗೊತ್ತು ಮಾಡಿಕೊಂಡರು. ಅವರ ಈ ಹಟವನ್ನು ನಾವು ಅನುಸರಿಸಬಾರದು. ಸೊಂಟದ ಮೂಳೆ ಮುರಿದರೆ ಇಂದು ವೈದ್ಯರು ಸಾಮಾನ್ಯವಾಗಿ ಬೇಗ ಶಸ್ತ್ರಚಿಕಿತ್ಸೆ ಮಾಡಿ, ಬೇಗ ಎಬ್ಬಿಸಿ ನಡೆಸುತ್ತಾರೆ. ಅದೇ ಸರಿ. ಅನುಸರಿಸಬೇಕಾದದ್ದು ಇನ್ನೊಂದಿದೆ. ಅರಮನೆಯಲ್ಲಿ ಸಾವಿರ ಕಣ್ಣೆದುರು ಆಸನ ಹಾಕಿದವರು ಹಾಸಿಗೆಯ ಮೇಲಿನ ಪುಟ್ಟ ಚಲನೆಯನ್ನು ಕೀಳೆಂದು ಬಗೆಯಲಿಲ್ಲ. ನೂರು ವರ್ಷ ತುಂಬಿದ ಮೇಲೆ, 1989ರಲ್ಲಿ ತೀರಿಕೊಂಡರು.

ಇದನ್ನು ಓದಿದ ಸಂಜೆ ಕ್ಯಾಲೆಂಡರಿನ ಹಿಂದಿನ ಹಾಳೆ ತೆಗೆದೆ. ಅಜ್ಜನ ಮುಂದೆ ಕೂತು ಈ ಕಥೆ ಹೇಳಿದೆ. ಕಾರು ತಡೆದ ಪೈಲ್ವಾನ ಮುದುಕ ಹಾಸಿಗೆಯಲ್ಲಿ ಕಾಲು ಆಡಿಸಿದ್ದನ್ನು ಕೇಳಿ ಅಜ್ಜ ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಬಲಗೈಯನ್ನು ನನ್ನತ್ತ ಚಾಚಲು ನೋಡಿದರು. ಕಳೆದುಹೋದ ಮೂರು ವಾರಗಳಿಗೆ ಅವರಿಗಿಂತ ಹೆಚ್ಚು ತಪ್ಪು ನನ್ನದು ಎಂದು ಆಗ ತಿಳಿಯಿತು. ಅವರಿಗೆ ಬೇಕಾಗಿದ್ದದ್ದು ಎಣಿಸುತ್ತ ಪಕ್ಕದಲ್ಲಿ ಕೂರುವ ಒಬ್ಬರು.

ಈಗ ಅಜ್ಜ ಕೋಲು ಹಿಡಿದು ಅಂಗಳದವರೆಗೆ ಬರುತ್ತಾರೆ. ಬಲಗೈಯಿಂದ ರೊಟ್ಟಿ ಮುರಿಯಲು ಇನ್ನೂ ಆಗುವುದಿಲ್ಲ, ಆದರೆ ಮುರಿದ ತುಣುಕನ್ನು ಹಿಡಿಯುತ್ತಾರೆ. ನಿಮ್ಮ ಮನೆಯಲ್ಲೂ ಇಂಥ ಹಾಳೆಯೊಂದು ಕ್ಯಾಲೆಂಡರಿನ ಹಿಂದೆ ಸೇರಿದ್ದರೆ ಇವತ್ತೇ ಹೊರತೆಗೆಯಿರಿ. ಪಕ್ಕದಲ್ಲಿ ಕೂತು ಒಂದು, ಎರಡು ಎಂದು ಎಣಿಸಿ. ಅದಕ್ಕೆ ಬೇಕಾಗುವುದು ದಿನಕ್ಕೆ ಅರ್ಧ ಗಂಟೆ ಮಾತ್ರ.