ಜಾನ್ ಬುಗಾಟಿ ಮತ್ತು ಅವರ ನಾಲ್ಕು ಕಾರುಗಳು

ಬುಗಾಟಿ ಎಂದೊಡನೆ ನಮ್ಮ ಹುಡುಗರ ಕಣ್ಣು ಅರಳುತ್ತದೆ. ಅದರ ವೇಗವೆಷ್ಟು, ಬೆಲೆಯೆಷ್ಟು ಎಂಬುದು ಎಂಟನೇ ತರಗತಿಯವನಿಗೂ ಬಾಯಿಪಾಠ. ಆದರೆ ಆ ಹೆಸರಿನ ಅತ್ಯಂತ ಅಪರೂಪದ ಕಾರನ್ನು ರೂಪಿಸಿದವರು ಮೂವತ್ತನೆಯ ವಯಸ್ಸಿಗೇ ತೀರಿಹೋದ ಒಬ್ಬ ಯುವಕ ಎಂಬುದು ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಅವರೇ ಜಾನ್ ಬುಗಾಟಿ.

ಜಾನ್ 1909ರ ಜನವರಿ 15ರಂದು ಜರ್ಮನಿಯ ಕಲೋನ್ ನಗರದಲ್ಲಿ ಜನಿಸಿದರು. ತಂದೆ ಎತ್ತೊರೆ ಬುಗಾಟಿ ಇಟಲಿಯ ಮಿಲಾನಿನವರು. ತಾತ ಕಾರ್ಲೊ ಪೀಠೋಪಕರಣಗಳ ಹೆಸರಾಂತ ವಿನ್ಯಾಸಕಾರರು, ಚಿಕ್ಕಪ್ಪ ರೆಂಬ್ರಾಂಟ್ ಪ್ರಾಣಿಗಳ ಶಿಲ್ಪಿ. ಹೀಗೆ ಅದು ಕಲಾವಿದರ ಮನೆತನ. ಎತ್ತೊರೆಯವರು ಮಾತ್ರ ಯಂತ್ರಗಳ ಕಡೆ ವಾಲಿದರು. ಎಂಜಿನಿಯರಿಂಗ್ ಪದವಿ ಅವರಿಗಿರಲಿಲ್ಲ. ಹದಿಹರೆಯದಲ್ಲೇ ಮಿಲಾನಿನ ಸೈಕಲ್ ಕಾರ್ಖಾನೆಯೊಂದಕ್ಕೆ ಸೇರಿ ಕೈಯಿಂದಲೇ ವಿದ್ಯೆ ಕಲಿತವರು. ನಮ್ಮ ಊರಿನ ಗ್ಯಾರೇಜುಗಳಲ್ಲಿ ಉಸ್ತಾದರ ಬಳಿ ಸ್ಪ್ಯಾನರ್ ಹಿಡಿದು ನಿಂತಿರುವ ಹುಡುಗರನ್ನು ಕಂಡಾಗ ನನಗೆ ಈ ಸಂಗತಿ ನೆನಪಾಗುತ್ತದೆ. ಮಗ ಹುಟ್ಟಿದ ವರ್ಷವೇ ಎತ್ತೊರೆ ಆಲ್ಸೇಸ್ ಪ್ರಾಂತ್ಯದ ಮೋಲ್ಸೈಮ್‌ನಲ್ಲಿ ಸ್ವಂತ ಕಾರ್ಖಾನೆ ಆರಂಭಿಸಿದರು. ಆಗ ಜರ್ಮನಿಗೆ ಸೇರಿದ್ದ ಆ ಪ್ರಾಂತ್ಯ ಮೊದಲ ಮಹಾಯುದ್ಧದ ನಂತರ ಫ್ರಾನ್ಸಿನದಾಯಿತು.

ಜಾನ್ ಬೆಳೆದದ್ದು ಈ ಕಾರ್ಖಾನೆಯ ಸದ್ದಿನ ನಡುವೆ. ತಂದೆಯ ಹೆಸರು ಆಗಲೇ ಯುರೋಪಿನಲ್ಲೆಲ್ಲ ಹಬ್ಬಿತ್ತು. 1924ರಲ್ಲಿ ಬಂದ ಟೈಪ್ 35 ಎಂಬ ಕಾರು ರೇಸುಗಳಲ್ಲಿ ಗೆಲುವಿನ ಮೇಲೆ ಗೆಲುವು ತಂದಿತ್ತು. ಅಂಥವರ ನೆರಳಿನಿಂದ ಹೊರಬರುವುದು ಸುಲಭವಲ್ಲ. ರಾಯಲ್ ಎಂಬ ಭಾರಿ ಗಾತ್ರದ ಕಾರು ಕೇವಲ ಆರು ತಯಾರಾದವು. ಅವುಗಳಲ್ಲಿ ಒಂದನ್ನು ಕೊಂಡ ಬಟ್ಟೆ ವ್ಯಾಪಾರಿಯೊಬ್ಬರು ತಾವು ರಾತ್ರಿ ಓಡಿಸುವುದಿಲ್ಲ, ಮುಂದೀಪಗಳು ಬೇಡ ಎಂದರಂತೆ. 1932ರಲ್ಲಿ, ಇನ್ನೂ ಇಪ್ಪತ್ಮೂರರ ವಯಸ್ಸಿನ ಜಾನ್ ಆ ದೀಪವಿಲ್ಲದ ಕಾರಿನ ಒಡಲನ್ನು ಚಿತ್ರಿಸಿದರು. ಅದರ ಫೋಟೋ ನೋಡಿದವರು ಮರೆಯುವುದಿಲ್ಲ.

1934ರಲ್ಲಿ ಟೈಪ್ 57 ಹೊರಬಂದಿತು. ಇದರ ಹಿಂದೆ ಹೆಚ್ಚಾಗಿ ಜಾನ್ ಅವರ ಶ್ರಮವೇ ಇತ್ತು. 1936ರಲ್ಲಿ ಫ್ರಾನ್ಸಿನಾದ್ಯಂತ ಮುಷ್ಕರಗಳು ನಡೆದವು. ಮೋಲ್ಸೈಮಿನ ಕೆಲಸಗಾರರೂ ಕೆಲಸ ನಿಲ್ಲಿಸಿದರು. ಅವರನ್ನು ಮನೆಯ ಮಕ್ಕಳೆಂದೇ ಭಾವಿಸಿದ್ದ ಎತ್ತೊರೆ ಮನನೊಂದು ಪ್ಯಾರಿಸಿನಲ್ಲೇ ಹೆಚ್ಚಾಗಿ ಉಳಿದರು. ಕಾರ್ಖಾನೆಯ ಹೊಣೆ ಇಪ್ಪತ್ತೇಳರ ಮಗನ ಹೆಗಲೇರಿತು.

ಅದಕ್ಕೆ ಹಿಂದಿನ ವರ್ಷ, 1935ರ ಪ್ಯಾರಿಸ್ ಮೋಟಾರು ಪ್ರದರ್ಶನದಲ್ಲಿ ಜಾನ್ ಒಂದು ಮಾದರಿ ಕಾರು ಇಟ್ಟಿದ್ದರು. ಅದರ ಹೊರಮೈ ಎಲೆಕ್ಟ್ರಾನ್ ಎಂಬ ಮೆಗ್ನೀಸಿಯಂ ಮಿಶ್ರಲೋಹದ್ದು. ಈ ಲೋಹ ಬಲು ಹಗುರ, ಆದರೆ ಶಾಖ ತಗುಲಿದರೆ ಹೊತ್ತಿಕೊಳ್ಳುತ್ತದೆ. ಹಾಗಾಗಿ ವೆಲ್ಡಿಂಗ್ ಮಾಡುವಂತಿರಲಿಲ್ಲ. ತಗಡುಗಳ ಅಂಚನ್ನು ಮೇಲಕ್ಕೆ ಮಡಚಿ, ವಿಮಾನದ ಮೈಯಂತೆ ರಿವೆಟ್ ಹೊಡೆದು ಜೋಡಿಸಿದರು. ಕಾರಿನ ಮೂಗಿನಿಂದ ಬಾಲದವರೆಗೆ ಬೆನ್ನೆಲುಬಿನಂತೆ ಒಂದು ಏಣು ಮೂಡಿತು. ನಂತರ ತಯಾರಾದ ಅಟ್ಲಾಂಟಿಕ್ ಕಾರುಗಳಿಗೆ ಅಲ್ಯೂಮಿನಿಯಂ ಬಳಸಿದರು. ವೆಲ್ಡಿಂಗ್ ಮಾಡಬಹುದಿತ್ತು. ಆದರೂ ಜಾನ್ ಆ ಏಣನ್ನು, ರಿವೆಟ್ಟುಗಳನ್ನು ಬಿಡಲಿಲ್ಲ. ತೊಡಕಿನಿಂದ ಹುಟ್ಟಿದ ಗೆರೆಯೇ ಅಂದವೆಂದು ಗುರುತಿಸಿದ್ದು ಅವರ ಕಣ್ಣು. ಇಲ್ಲಿ ಅವರು ತಂದೆಯ ಮಗ ಮಾತ್ರವಲ್ಲ, ಕಾರ್ಲೊ ತಾತನ ಮೊಮ್ಮಗನೂ ಹೌದು.

ಸಾಲಾಗಿ ಎಂಟು ಸಿಲಿಂಡರು, 3257 ಸಿ.ಸಿ. ಎಂಜಿನ್, ಗಂಟೆಗೆ ಸುಮಾರು 200 ಕಿ.ಮೀ. ವೇಗ. ಆ ಕಾಲದ ರಸ್ತೆಗೆ ಇದು ನಂಬಲಾಗದ ಓಟ. 1936ರಿಂದ 1938ರವರೆಗೆ ನಾಲ್ಕೇ ಅಟ್ಲಾಂಟಿಕ್ ತಯಾರಾದವು. ಮೊದಲನೆಯದು ಇಂಗ್ಲೆಂಡಿನ ವಿಕ್ಟರ್ ರಾಥ್‌ಚೈಲ್ಡ್ ಅವರಿಗೆ ಹೋಯಿತು. ಇನ್ನೆರಡನ್ನು ಬೇರೆ ಗ್ರಾಹಕರು ಕೊಂಡರು. ಕಪ್ಪು ಬಣ್ಣದ ಒಂದನ್ನು ಜಾನ್ ತಮ್ಮ ಬಳಕೆಗೆ ಇಟ್ಟುಕೊಂಡರು.

ಮಗನಿಗೆ ರೇಸಿನಲ್ಲಿ ಓಡಿಸಲು ಎತ್ತೊರೆ ಅನುಮತಿ ಕೊಟ್ಟಿರಲಿಲ್ಲ. ತಂದೆಯ ಭಯ ಅದು, ಯಾರಿಗೆ ಅರ್ಥವಾಗದು? ಆದರೆ ತಯಾರಾದ ಕಾರನ್ನು ಪರೀಕ್ಷಿಸುವುದು ಜಾನ್ ಅವರ ಕೆಲಸವಾಗಿತ್ತು. 1939ರ ಜೂನ್‌ನಲ್ಲಿ ಲೆ ಮಾನ್ಸ್‌ನ 24 ಗಂಟೆಗಳ ರೇಸನ್ನು ಬುಗಾಟಿ ಕಾರು ಗೆದ್ದಿತು. ಅದೇ ಕಾರನ್ನು ಮುಂದಿನ ಸ್ಪರ್ಧೆಗೆ ಸಜ್ಜುಗೊಳಿಸಲು ಆಗಸ್ಟ್ 11ರ ರಾತ್ರಿ ಅವರು ಮೋಲ್ಸೈಮಿಗೆ ಸಮೀಪದ ನೇರ ರಸ್ತೆಯಲ್ಲಿ ಓಡಿಸುತ್ತಿದ್ದರು. ರಸ್ತೆಗೆ ಕಾವಲು ಹಾಕಲಾಗಿತ್ತು. ಹೇಗೋ ಒಬ್ಬ ಸೈಕಲ್ ಸವಾರ ಒಳಗೆ ಬಂದುಬಿಟ್ಟ. ಅವನನ್ನು ತಪ್ಪಿಸಲು ಜಾನ್ ಕಾರನ್ನು ಹೊರಳಿಸಿದರು. ಅದು ಮರಕ್ಕೆ ಬಡಿಯಿತು. ಜಾನ್ ಉಳಿಯಲಿಲ್ಲ.

ಮೂರೇ ವಾರಗಳಲ್ಲಿ ಎರಡನೇ ಮಹಾಯುದ್ಧ ಶುರುವಾಯಿತು. ಕಾರ್ಖಾನೆ ಜರ್ಮನರ ವಶವಾಯಿತು. ಯುದ್ಧ ಮುಗಿದ ಮೇಲೆ ಅದನ್ನು ಮರಳಿ ಪಡೆಯಲು ಎತ್ತೊರೆ ನ್ಯಾಯಾಲಯದ ಮೆಟ್ಟಿಲು ಹತ್ತಿದರು. 1947ರ ಆಗಸ್ಟ್‌ನಲ್ಲಿ ಅವರೂ ತೀರಿಕೊಂಡರು. ತಂದೆ ಮಗ ಇಬ್ಬರ ಸಮಾಧಿಯೂ ಮೋಲ್ಸೈಮಿನ ಪಕ್ಕದ ಡೋರ್ಲಿಸೈಮ್‌ನಲ್ಲಿದೆ.

ನಾಲ್ಕು ಕಾರುಗಳಲ್ಲಿ ಒಂದು 1955ರಲ್ಲಿ ರೈಲಿಗೆ ಸಿಕ್ಕಿ ನುಚ್ಚುನೂರಾಯಿತು. ಅದನ್ನು ವರ್ಷಗಳ ನಂತರ ಮತ್ತೆ ಕಟ್ಟಿದರು. ರಾಥ್‌ಚೈಲ್ಡ್ ಅವರ ಕಾರು 2010ರಲ್ಲಿ ಮಾರಾಟವಾದಾಗ ಬೆಲೆ ಮೂರು ಕೋಟಿ ಡಾಲರಿಗೂ ಹೆಚ್ಚು ಎಂದು ಪತ್ರಿಕೆಗಳು ಬರೆದವು. ಜಾನ್ ಅವರ ಕಪ್ಪು ಕಾರು ಮಾತ್ರ ಯುದ್ಧದ ಗಲಿಬಿಲಿಯಲ್ಲಿ ಕಾಣೆಯಾಯಿತು. ಜರ್ಮನ್ ಸೇನೆ ಬರುವ ಮುನ್ನ ಅದನ್ನು ರೈಲಿನಲ್ಲಿ ಬೋರ್ಡೊ ಕಡೆಗೆ ಸಾಗಿಸಿರಬೇಕೆಂದು ಹಲವರ ಊಹೆ. ಹುಡುಕುವವರು ಇಂದಿಗೂ ಹುಡುಕುತ್ತಿದ್ದಾರೆ.