ಫ್ರಾಯ್ಡನೂ ಬೆಳ್ಳಿತೆರೆಯೂ

ನಿದ್ದೆಯಲ್ಲಿ ಕನವರಿಸುವ ನನ್ನ ತಂದೆಯವರನ್ನು ಕಂಡು ನಗುತ್ತಿದ್ದ ನನ್ನನ್ನು ತಿದ್ದಿದ್ದು ಸಿಗ್ಮಂಡ್ ಫ್ರಾಯ್ಡನ ಜೀವನ.

1856ರಲ್ಲಿ ಮೊರೇವಿಯದ ಫ್ರೈಬರ್ಗಿನಲ್ಲಿ ಉಣ್ಣೆ ವ್ಯಾಪಾರಿಯ ಮಗನಾಗಿ ಹುಟ್ಟಿದ ಆತನು ವಿಯೆನ್ನಾದಲ್ಲಿ ವೈದ್ಯನಾದನು. ರೋಗಿಗಳ ಮಾತನ್ನು ತಾಳ್ಮೆಯಿಂದ ಕೇಳಿ, ಅದುಮಿಟ್ಟ ಆಶೆಯು ಕನಸಿನಲ್ಲಿ ವೇಷ ಮರೆಸಿಕೊಂಡು ಬರುವುದೆಂದು ಸಾರಿದನು. 1925ರಲ್ಲಿ ಹಾಲಿವುಡ್ಡಿನ ಗೋಲ್ಡ್‌ವಿನ್ ಪ್ರೇಮಚಿತ್ರಕ್ಕೆ ನೆರವು ಕೋರಿ ಲಕ್ಷ ಡಾಲರು ಕೊಡಬಂದಾಗ ಆತನು ಒಪ್ಪಲಿಲ್ಲ. ತನ್ನ ಸೂಕ್ಷ್ಮ ವಿಚಾರಗಳು ತೆರೆಯ ಮೇಲೆ ಮೂಡಲಾರವೆಂದೇ ಆತನ ನಂಬಿಕೆ. ಆದರೂ ಶಿಷ್ಯರಾದ ಅಬ್ರಹಾಂ, ಸ್ಯಾಕ್ಸರ ಸಲಹೆ ಪಡೆದು ನಿರ್ದೇಶಕ ಪಾಬ್ಸ್ಟನು 1926ರಲ್ಲಿ, ಚಾಕು ಮುಟ್ಟಲಂಜುವ ಪತಿಯೊಬ್ಬನ ಕನಸುಗಳನ್ನು ಮೂಕಿಚಿತ್ರವಾಗಿಸಿದನು. 1938ರಲ್ಲಿ ನಾಜಿಗಳಿಂದ ಪಾರಾಗಿ ಲಂಡನ್ ಸೇರಿದ ಫ್ರಾಯ್ಡನು ಮರುವರ್ಷ ಗತಿಸಿದನು.

ನನ್ನ ತಂದೆ ಓದುಬಲ್ಲವರಲ್ಲ; ತಮ್ಮ ಆಶೆಗಳನ್ನು ಎಂದೂ ಬಾಯಿಬಿಟ್ಟು ಹೇಳಿದವರಲ್ಲ. ಈಗ ಅವರು ಕನವರಿಸಿದರೆ ನಾನು ನಗುವುದಿಲ್ಲ, ಎದ್ದು ಕುಳಿತು ಕೇಳುತ್ತೇನೆ.