ದಿನಸಿ ಅಂಗಡಿಯ ಕೌಂಟರ್ ತೆಗೆಸಿದ ಕ್ಲಾರೆನ್ಸ್ ಸಾಂಡರ್ಸ್

ಬುಟ್ಟಿ ಹಿಡಿದು ಒಳಗೆ ಹೋಗೋದು, ಬೇಕಾದ್ದನ್ನು ನಾವೇ ಆರಿಸಿಕೊಳ್ಳೋದು, ಹೊರಗೆ ಬರುವಾಗ ಬಿಲ್ ಕಟ್ಟೋದು. ತಾಲ್ಲೂಕು ಕೇಂದ್ರಗಳಲ್ಲೂ ಈಗ ಇಂಥ ಮಾರ್ಟ್‌ಗಳಿವೆ. ಈ ಪದ್ಧತಿಯನ್ನು ದೊಡ್ಡ ವ್ಯಾಪಾರವಾಗಿ ಬೆಳೆಸಿದವರು ಅಮೆರಿಕದ ಕ್ಲಾರೆನ್ಸ್ ಸಾಂಡರ್ಸ್.

1881ರಲ್ಲಿ ವರ್ಜೀನಿಯಾ ರಾಜ್ಯದ ಬಡ ಕುಟುಂಬದಲ್ಲಿ ಹುಟ್ಟಿದ ಸಾಂಡರ್ಸ್, ಬೆಳೆದದ್ದು ಟೆನೆಸಿ ರಾಜ್ಯದಲ್ಲಿ. 14ನೇ ವಯಸ್ಸಿಗೆ ಶಾಲೆ ಬಿಟ್ಟು ಅಂಗಡಿ ಕೆಲಸಕ್ಕೆ ಸೇರಿದರು. ಮುಂದೆ ಹೋಲ್‌ಸೇಲ್ ದಿನಸಿ ಕಂಪನಿಯ ಸೇಲ್ಸ್‌ಮನ್ ಆಗಿ ಸಣ್ಣಪುಟ್ಟ ಅಂಗಡಿಗಳನ್ನೆಲ್ಲ ಸುತ್ತಿದರು. ಅಂಗಡಿಯವರ ಕಷ್ಟ ಅವರಿಗೆ ಅರ್ಥವಾಗಿದ್ದು ಅಲ್ಲೇ.

ಆಗ ಗಿರಾಕಿ ಕೌಂಟರ್ ಮುಂದೆ ನಿಂತು ಸಾಮಾನು ಹೇಳಬೇಕಿತ್ತು. ಆಳು ಒಳಗಿಂದ ತಂದು, ತೂಗಿ, ಪೊಟ್ಟಣ ಕಟ್ಟಿ ಕೊಡುತ್ತಿದ್ದ. ಉದ್ರಿ ಬರೆಯೋದು, ಮನೆಗೆ ಸಾಮಾನು ಕಳಿಸೋದು ಬೇರೆ. ಆಳಿನ ಸಂಬಳ, ಬಾರದ ಬಾಕಿ ಎಲ್ಲ ಸೇರಿ ಬೆಲೆ ಏರುತ್ತಿತ್ತು.

1916ರ ಸೆಪ್ಟೆಂಬರ್ 6ರಂದು ಮೆಂಫಿಸ್ ನಗರದಲ್ಲಿ ಸಾಂಡರ್ಸ್ 'ಪಿಗ್ಲಿ ವಿಗ್ಲಿ' ಅಂಗಡಿ ತೆರೆದರು. ಪ್ರತಿ ಸಾಮಾನಿನ ಮೇಲೂ ಬೆಲೆ ಬರೆದಿತ್ತು. ಒಳಹೋಗಲು ಒಂದು ದಾರಿ, ಹೊರಬರಲು ಇನ್ನೊಂದು, ಅಲ್ಲೇ ಗಲ್ಲಾ. ಉದ್ರಿ ಇಲ್ಲ, ಮನೆಗೆ ತಲುಪಿಸೋದೂ ಇಲ್ಲ. ಆದರೆ ರೇಟು ಕಡಿಮೆ. ಜನ ಮುಗಿಬಿದ್ದರು. ಮರುವರ್ಷ ಈ ಅಂಗಡಿ ವಿನ್ಯಾಸಕ್ಕೆ ಪೇಟೆಂಟ್ ಸಿಕ್ಕಿತು. 1922ರ ಹೊತ್ತಿಗೆ ಸುಮಾರು 1,200 ಅಂಗಡಿಗಳಾಗಿದ್ದವು. ಇಂಥ ಸರಣಿ ಅಂಗಡಿಗಳ ಎದುರು ರೇಟಿನಲ್ಲಿ ನಿಲ್ಲಲಾಗದೆ ಮನೆಯವರೇ ನಡೆಸುತ್ತಿದ್ದ ಎಷ್ಟೋ ಅಂಗಡಿಗಳು ಪೆಟ್ಟು ತಿಂದವು.

ಆದರೆ ಸಾಂಡರ್ಸ್ ಸೋತಿದ್ದು ದಿನಸಿ ವ್ಯಾಪಾರದಲ್ಲಲ್ಲ, ಷೇರು ಪೇಟೆಯಲ್ಲಿ. ಕೆಲವರು ಪಿಗ್ಲಿ ವಿಗ್ಲಿ ಷೇರಿನ ಬೆಲೆ ಬೀಳಿಸಿ ಲಾಭ ಮಾಡಲು ಹೊರಟರು. ಅವರಿಗೆ ಪಾಠ ಕಲಿಸಬೇಕೆಂದು ಸಾಂಡರ್ಸ್ ಭಾರಿ ಸಾಲ ತಂದು ಷೇರುಗಳನ್ನೆಲ್ಲ ತಾವೇ ಕೊಂಡರು. 1923ರ ಮಾರ್ಚ್‌ನಲ್ಲಿ ಬೆಲೆ 124 ಡಾಲರ್‌ಗೆ ಏರಿತು. ನ್ಯೂಯಾರ್ಕ್ ಷೇರು ವಿನಿಮಯ ಕೇಂದ್ರ ವಹಿವಾಟು ನಿಲ್ಲಿಸಿ, ಎದುರಾಳಿಗಳಿಗೆ ಹೆಚ್ಚಿನ ಗಡುವು ಕೊಟ್ಟಿತು. ಲೆಕ್ಕ ತಲೆಕೆಳಗಾಯಿತು, ಸಾಲ ಮಾತ್ರ ಉಳಿಯಿತು. ಅದೇ ವರ್ಷ ಕಂಪನಿ ಕೈಬಿಟ್ಟಿತು. ಆಸೆಪಟ್ಟು ಕಟ್ಟಿಸುತ್ತಿದ್ದ ಗುಲಾಬಿ ಬಣ್ಣದ ಬಂಗಲೆಯೂ ಹೋಯಿತು; ಅದು ಮುಂದೆ ನಗರದ ಮ್ಯೂಸಿಯಂ ಆಯಿತು.

ಸಾಂಡರ್ಸ್ ಸುಮ್ಮನೆ ಕೂರಲಿಲ್ಲ. ತಮ್ಮದೇ ಹೆಸರಿನಲ್ಲಿ ಮತ್ತೆ ಅಂಗಡಿ ತೆರೆದರು. ಆರ್ಥಿಕ ಕುಸಿತದಲ್ಲಿ ಅದೂ ಮುಳುಗಿತು. 1937ರಲ್ಲಿ 'ಕೀಡೂಜಲ್' ಎಂಬ ಯಂತ್ರದ ಅಂಗಡಿ ಶುರುಮಾಡಿದರು. ಗಿರಾಕಿ ಗಾಜಿನ ಪೆಟ್ಟಿಗೆಯಲ್ಲಿನ ಸಾಮಾನು ನೋಡಿ ಕೀ ಹಾಕಿದರೆ, ಅದು ಬೆಲ್ಟ್ ಮೇಲೆ ಬರಬೇಕು. ಯಂತ್ರ ಪದೇಪದೇ ಕೈಕೊಟ್ಟಿತು. ಇನ್ನೊಂದು ಹೊಸ ಯೋಜನೆಯ ಕೆಲಸದಲ್ಲಿರುವಾಗಲೇ, 1953ರ ಅಕ್ಟೋಬರ್‌ನಲ್ಲಿ ಸಾಂಡರ್ಸ್ ತೀರಿಕೊಂಡರು.

ಪಿಗ್ಲಿ ವಿಗ್ಲಿ ಬೋರ್ಡು ದಕ್ಷಿಣ ಅಮೆರಿಕ ಸಂಯುಕ್ತ ರಾಜ್ಯಗಳ ಸಣ್ಣ ಊರುಗಳಲ್ಲಿ ಈಗಲೂ ಕಾಣುತ್ತದೆ. ಹೆಸರು ದೊಡ್ಡ ಕಂಪನಿಯದು, ಆದರೆ ಎಷ್ಟೋ ಕಡೆ ಗಲ್ಲಾ ನೋಡಿಕೊಳ್ಳುವವರು ಅದೇ ಊರಿನ ಮಾಲೀಕರು.